ಲಾರಿಪ್ರಾರಂಭ ಮೀಮಾಂಸೆ

ಬೆಳಗಿನ ಜಾವ ಹಳೇ ಲಾರಿಯೊಂದು ಸ್ಟಾರ್ಟ್ ಆಗದಿರುವುದು ಲೌಕಿಕರ ಪಾಲಿಗೆ ತಾಪತ್ರಯ, ಶಾಸ್ತ್ರಜ್ಞರ ಪಾಲಿಗೆ ಸಮಸ್ಯೆ. ತಾಪತ್ರಯವನ್ನು ನಾಲ್ಕು ಜನ ಸೇರಿ ನೂಕಿ ಕಳೆಯಬಹುದು. ಸಮಸ್ಯೆಗಾದರೋ ಪೂರ್ವಪಕ್ಷ, ಖಂಡನೆ, ಸಿದ್ಧಾಂತ ಇಷ್ಟೂ ಬೇಕು. ಕೀರ್ತಿವರ್ಮ ದನಕರುಗಳ ಕಾಯಿಲೆಗೆ 'ಗೋವೈದ್ಯ' ಬರೆದ. ಮಂಗರಸ ಅಡುಗೆಮನೆಗೆ 'ಸೂಪಶಾಸ್ತ್ರ' ಬರೆದ. ಸೆಲ್ಫ್ ಎತ್ತದ ಲಾರಿಯ ಬಗ್ಗೆ ಮಾತ್ರ ಕನ್ನಡದ ಪೂರ್ವಸೂರಿಗಳು ಒಂದು ಕಂದಪದ್ಯವನ್ನೂ ಬಿಟ್ಟುಹೋಗಿಲ್ಲ. ಆ ಕೊರತೆಯನ್ನು ನೀಗಿಸುವುದೇ ಈ ಪ್ರಬಂಧದ ಉದ್ದೇಶ.

ಮೊದಲಿಗೆ ವ್ಯಾಪ್ತಿಯ ನಿರ್ದೇಶ. ಇಲ್ಲಿ ಲಾರಿ ಎಂದರೆ ಒಳಗೆ ಕಂಪ್ಯೂಟರ್ ಇಲ್ಲದ, ಬಣ್ಣಕ್ಕಿಂತ ಪುಟ್ಟಿ ಹೆಚ್ಚಾಗಿರುವ, ಎರಡು 12 ವೋಲ್ಟ್ ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿಕೊಂಡು 24 ವೋಲ್ಟಿನ ಮೇಲೆ ಬದುಕುತ್ತಿರುವ ಡೀಸೆಲ್ ಲಾರಿ. ಮಂಡ್ಯ ಸೀಮೆಯಲ್ಲಿ ಕಬ್ಬು ಅರೆಯುವ ಕಾಲಕ್ಕೆ ಫ್ಯಾಕ್ಟರಿ ಯಾರ್ಡಿನ ಸರದಿಯಲ್ಲಿ ರಾತ್ರಿಯೆಲ್ಲ ನಿಂತು, ಬೆಳಿಗ್ಗೆ ತನ್ನ ಪಾಳಿ ಬಂದಾಗ ಮುಷ್ಕರ ಹೂಡುವಂಥದ್ದು. ತಾಗಿಸಿದ ಯಂತ್ರಕ್ಕೆ ತಮ್ಮ ಕಾಯಿಲೆಯನ್ನು ತಾವೇ ಸಂಕೇತ ಸಂಖ್ಯೆಯಲ್ಲಿ ಒಪ್ಪಿಸುವ ಹೊಸ ಲಾರಿಗಳನ್ನು ಕೈಬಿಡಲಾಗಿದೆ. ಅಷ್ಟು ಸುಲಭವಾಗಿ ಅರ್ಥ ಬಿಟ್ಟುಕೊಡುವ ಕೃತಿಗೆ ವ್ಯಾಖ್ಯಾನಕಾರನ ಹಂಗಿಲ್ಲ.

ಇನ್ನು ಮೂಲತತ್ತ್ವ. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ. ಸಿಲಿಂಡರಿನೊಳಗಿನ ಗಾಳಿಯನ್ನು ಪಿಸ್ಟನ್ ಹದಿನೇಳರಲ್ಲೊಂದು ಪಾಲಿಗೆ ರಭಸದಿಂದ ಒತ್ತಿದರೆ ಆ ಗಾಳಿಯೇ 500 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ. ಡೀಸೆಲ್ ತಾನಾಗಿ ಹೊತ್ತಿಕೊಳ್ಳಲು 210 ಡಿಗ್ರಿಯ ಆಸುಪಾಸು ಸಾಕು. ಇಲ್ಲಿ 'ರಭಸದಿಂದ' ಎಂಬ ವಿಶೇಷಣವನ್ನು ಅವಸರದ ಓದುಗರು ಹಾರಿಸಿಬಿಡುತ್ತಾರೆ. ಇಡೀ ಶಾಸ್ತ್ರ ನಿಂತಿರುವುದೇ ಅದರ ಮೇಲೆ. ನಿಮಿಷಕ್ಕೆ ನೂರು ಸುತ್ತಾದರೂ ತಿರುಗದಿದ್ದರೆ ಒತ್ತಿದ ಗಾಳಿ ಸವೆದ ರಿಂಗುಗಳ ಸಂದಿಯಿಂದ ಕೆಳಗಿಳಿಯುತ್ತದೆ, ಹುಟ್ಟಿದ ಶಾಖವನ್ನು ತಣ್ಣಗಿನ ಕಬ್ಬಿಣ ಹೀರಿಕೊಳ್ಳುತ್ತದೆ, ಹೊತ್ತದ ಡೀಸೆಲ್ ಸೈಲೆನ್ಸರಿನಿಂದ ಬಿಳಿ ಹೊಗೆಯಾಗಿ ಹೊರಡುತ್ತದೆ. ಈ ತತ್ತ್ವದ ಪ್ರವರ್ತಕ ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ತನ್ನ ಎಂಜಿನ್ನನ್ನು ಓಡಿಸಿ ತೋರಿಸಿದ. 1913ರ ಸೆಪ್ಟೆಂಬರಿನ ಒಂದು ರಾತ್ರಿ ಇಂಗ್ಲೆಂಡಿಗೆ ಹೊರಟಿದ್ದ ಹಡಗಿನಿಂದ ಕಾಣೆಯಾದ. ಕಾರಣವನ್ನು ಇತಿಹಾಸಕಾರರು ಈಗಲೂ ಚರ್ಚಿಸುತ್ತಾರೆ. ಎಂಜಿನ್ ಸ್ಟಾರ್ಟ್ ಆಗದ ಬೆಳಿಗ್ಗೆ ಡ್ರೈವರುಗಳು ಕಾಣೆಯಾಗುವುದು ಇದೇ ಪರಂಪರೆಗೆ ಸೇರಿದ್ದು, ಆದರೆ ಇವರು ಟೀ ಅಂಗಡಿಯಲ್ಲಿ ಪತ್ತೆಯಾಗುತ್ತಾರೆ.

ಈ ರಭಸವನ್ನು ಕೊಡುವ ಸೆಲ್ಫ್ ಮೋಟಾರು 1912ರ ಮಾದರಿಯ ಕ್ಯಾಡಿಲ್ಯಾಕ್ ಕಾರಿನೊಡನೆ ಮಾರುಕಟ್ಟೆಗೆ ಬಂತು. ಅದಕ್ಕೆ ಮುಂಚೆ ಮೂತಿಗೆ ಹ್ಯಾಂಡಲ್ ಸಿಕ್ಕಿಸಿ ತಿರುಗಿಸಬೇಕಿತ್ತು. ಅದು ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುತ್ತಿತ್ತು. ಆ ಯುಗದಲ್ಲಿ ರೋಗನಿದಾನ ಸುಲಭ: ತಪ್ಪೆಲ್ಲ ಕ್ಲೀನರನ ತೋಳಿನದೇ.

ಈಗ ಪ್ರಮಾಣ ವಿಚಾರ. ಕಾಶ್ಮೀರದ ಆನಂದವರ್ಧನ ಒಂಬತ್ತನೆಯ ಶತಮಾನದಲ್ಲೇ ಧ್ವನಿಯೇ ಕಾವ್ಯದ ಆತ್ಮ ಎಂದು ಸಾಧಿಸಿದ್ದಾನೆ. ಆತನ ಹತ್ತಿರ ಲಾರಿ ಇರಲಿಲ್ಲವೆಂಬುದನ್ನು ನೆನೆದರೆ ಆ ಪ್ರತಿಭೆ ಬೆರಗು ಹುಟ್ಟಿಸುತ್ತದೆ. ಕೀ ತಿರುಗಿಸಿದಾಗ ಸೊನ್ನೆ ಸದ್ದು ಬಂದು ಹೆಡ್‌ಲೈಟ್ ಮಾತ್ರ ಝಗಝಗ ಉರಿಯುತ್ತಿದ್ದರೆ ವಾಚ್ಯಾರ್ಥವೇ ಸಾಕು: ಕರೆಂಟು ಸೆಲ್ಫಿನವರೆಗೆ ಹೋಗಿಲ್ಲ, ಸ್ವಿಚ್ಚಿನ ಕಡೆ ನೋಡಿ. 'ಟಕ್' ಎಂದು ಒಂದೇ ಸದ್ದಾಗಿ ಸುಮ್ಮನಾದರೆ ಸಾಲಿನಾಯ್ಡ್ ಎದ್ದಿದೆ, ಮೋಟಾರು ಎದ್ದಿಲ್ಲ. ಕಾರ್ಬನ್ ಬ್ರಶ್ ಸವೆದಿರಬಹುದು. 'ಟಕಟಕಟಕ' ಎಂದು ಹಲ್ಲು ಕಡಿದರೆ ಸಾಲಿನಾಯ್ಡ್ ಹಿಡಿಯುವಷ್ಟರಲ್ಲಿ ವೋಲ್ಟೇಜ್ ಕುಸಿದು ಮತ್ತೆ ಬಿಡುತ್ತಿದೆ ಎಂದರ್ಥ. 'ಝುಯ್ಯ್' ಎಂದರೆ ಮೋಟಾರು ತಾನೊಬ್ಬನೇ ತಿರುಗಿ ಸಂತೋಷಪಡುತ್ತಿದೆ, ಪಿನಿಯನ್ ಹೋಗಿ ಫ್ಲೈವೀಲಿನ ಹಲ್ಲಿಗೆ ಕಚ್ಚಿಲ್ಲ. ಕೊನೆಯದು, 'ಗುರ್... ಗುರ್... ಗು...' ಎಂದು ಪ್ರತಿ ಸುತ್ತಿಗೂ ಉಸಿರು ಕಟ್ಟಿ, ಲೈಟು ಕೆಂಡದ ಬಣ್ಣಕ್ಕಿಳಿಯುವುದು. ಇದೇ ವ್ಯಂಗ್ಯಾರ್ಥ. ಸಹೃದಯರೆಲ್ಲ ಭಿನ್ನಾಭಿಪ್ರಾಯಕ್ಕೆ ಬೀಳುವುದೂ ಇಲ್ಲಿಯೇ.

"ಏನ್ಲಾ ಆಗೈತೆ?"

"ಸೆಲ್ಫ್ ಎತ್ತಾಕಿಲ್ಲ ಕಣಣ್ಣೋ."

ಇಷ್ಟಾಗುತ್ತಿದ್ದಂತೆ ಲಾರಿಯ ಸುತ್ತ ಮತಾಚಾರ್ಯರು ನೆರೆಯುತ್ತಾರೆ. ಬ್ಯಾಟರಿ ಅಂಗಡಿಯವರದು ಬ್ಯಾಟರ್ಯದ್ವೈತ: ಇರುವುದು ಬ್ಯಾಟರಿಯೊಂದೇ, ಅದು ಹೋಗಿದೆ, ಉಳಿದದ್ದು ಮಿಥ್ಯೆ. ಆಟೋ ಎಲೆಕ್ಟ್ರಿಷಿಯನ್ ದ್ವೈತಿ. ಬ್ಯಾಟರಿ ಬೇರೆ, ಸೆಲ್ಫ್ ಬೇರೆ, ಸೆಲ್ಫನ್ನು ಬಿಚ್ಚದೆ ಮುಕ್ತಿಯಿಲ್ಲ. ಪಂಪು ರಿಪೇರಿಯವರು ವಾಯುವಾದಿಗಳು: ಡೀಸೆಲ್ ಲೈನಿಗೆ ಏರ್ ಹಿಡಿದಿದೆ. ಎಂಜಿನ್ ಮೇಸ್ತ್ರಿಯದು ಕರ್ಮಸಿದ್ಧಾಂತ, ಕಂಪ್ರೆಷನ್ನೇ ಇಲ್ಲ, ಬೋರ್ ಮಾಡಿಸಬೇಕು, ಹಿಂದೆ ಮಾಡಿದ್ದನ್ನು ಈಗ ಉಣ್ಣಬೇಕು. ಯಾರ್ಡಿನ ಕಾವಲುಗಾರ ಮಾತ್ರ ಚಳಿ ಎನ್ನುತ್ತಾನೆ. ಮಂಡ್ಯದ ಮಾಗಿ ಚಳಿ ಜರ್ಮನ್ ಕುಲದ ಎಂಜಿನ್ನಿಗೆ ಬೇಸಿಗೆಯ ಸಂಜೆ ಇದ್ದಂತೆ. ಆದರೂ ಈ ಐವರಲ್ಲಿ ಮಾರುವುದಕ್ಕೆ ಏನೂ ಇಲ್ಲದವನು ಅವನೊಬ್ಬನೇ ಆದ್ದರಿಂದ ಅವನ ಮಾತಿಗೆ ವಿಶೇಷ ಗೌರವ ಸಲ್ಲಬೇಕು.

ಯಾರು ಯಾವ ಮತಕ್ಕೆ ಸೇರಿದ್ದಾರೆಂಬುದು ಅವರ ಅಂಗಡಿಯ ಬೋರ್ಡು ನೋಡಿದರೆ ತಿಳಿಯುತ್ತದೆ. ಲಾರಿಯನ್ನು ನೋಡುವ ಅಗತ್ಯ ಬೀಳುವುದಿಲ್ಲ. ಆದ್ದರಿಂದಲೇ ಒಂದು ಕಾರಣಕ್ಕೆ ಇದುವರೆಗೆ ಮಠವೂ ಇಲ್ಲ, ಪೀಠವೂ ಇಲ್ಲ. ಅದೇ ಕೊಳೆತ ಟರ್ಮಿನಲ್ ಮತ್ತು ಸಡಿಲಗೊಂಡ ಅರ್ಥಿಂಗ್ ಪಟ್ಟಿ.

ಪ್ರಕೃತ ಪ್ರಬಂಧಕಾರನ ಸಿದ್ಧಾಂತ ಹೀಗಿದೆ. ಸೆಲ್ಫ್ ಹೊಡೆಯುವಾಗ ಬ್ಯಾಟರಿಯಿಂದ ಹರಿಯುವುದು ನೂರಾರು ಆಂಪಿಯರ್. ಮುನ್ನೂರೆಂದೇ ಹಿಡಿಯಿರಿ. ದಾರಿಯಲ್ಲಿ ಎಲ್ಲೋ ಒಂದು ಕಡೆ ಓಮಿನ ನೂರರಲ್ಲೊಂದು ಪಾಲು ತಡೆಯಿದ್ದರೂ ಅಲ್ಲಿಯೇ 3 ವೋಲ್ಟ್ ಸತ್ತುಹೋಗುತ್ತದೆ, 900 ವಾಟ್ ಶಾಖ ಹುಟ್ಟುತ್ತದೆ. ಅಷ್ಟು ತಡೆಗೆ ಸೀಸದ ಕಂಬಕ್ಕೂ ಕ್ಲಾಂಪಿಗೂ ನಡುವೆ ಕೂತ, ಉಪ್ಪಿನಂತೆ ಅರಳಿದ ಬಿಳಿ-ಹಸಿರು ಪುಡಿಯ ಒಂದು ಪದರ ಸಾಕು. ಇಲ್ಲವೇ ಎಂಜಿನ್ನಿನಿಂದ ಚಾಸಿಗೆ ಹೋಗುವ ಹೆಣೆದ ತಾಮ್ರದ ಪಟ್ಟಿ, ಚಾಸಿಗೆ ಬಣ್ಣ ಬಳಿಸಿದಾಗ ಬಣ್ಣದ ಮೇಲೆಯೇ ಬೋಲ್ಟ್ ಆಗಿದ್ದರೂ ಸಾಕು. ಬಣ್ಣದ ಮೂಲಕ ಕರೆಂಟು ಹಾಯುವುದಿಲ್ಲ. ಓಮ್ ಈ ನಿಯಮವನ್ನು ಪ್ರಕಟಿಸಿದ್ದು 1827ರಲ್ಲಿ. ಸುದ್ದಿ ಇನ್ನೂ ಯಾರ್ಡು ತಲುಪಿಲ್ಲ.

ಇದನ್ನು ಕಂಡುಹಿಡಿಯಲು ಪ್ರತ್ಯಕ್ಷ ಪ್ರಮಾಣವೇ ಇದೆ, ಅದೂ ಪುಕ್ಕಟೆ. ಹತ್ತು ಸೆಕೆಂಡ್ ಸೆಲ್ಫ್ ಹೊಡೆದು ನಿಲ್ಲಿಸಿ, ಪ್ರತಿಯೊಂದು ಟರ್ಮಿನಲ್ಲನ್ನೂ ಕೇಬಲ್ಲಿನ ಕೊನೆಯನ್ನೂ ಬೆರಳಿನಿಂದ ಮೆಲ್ಲಗೆ ಮುಟ್ಟುತ್ತ ಬನ್ನಿ. ಎಲ್ಲಿ ಬಿಸಿಯೋ ಅಲ್ಲಿ ಕಳ್ಳ. ಬೆರಳನ್ನು ನಂಬದವರು ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಸೀಸದ ಕಂಬಕ್ಕೆ, ಇನ್ನೊಂದನ್ನು ಅದನ್ನೇ ಅಪ್ಪಿಕೊಂಡಿರುವ ಕ್ಲಾಂಪಿಗೆ ಒತ್ತಿ, ಕ್ಲೀನರನಿಗೆ "ಹೊಡಿಯಪ್ಪಾ" ಎನ್ನಬೇಕು. ಎರಡೂ ಒಂದಕ್ಕೊಂದು ತಾಗಿಕೊಂಡೇ ಇವೆ. ಮೀಟರು ಸೊನ್ನೆಯ ಹತ್ತಿರವೇ ಇರಬೇಕು. ಅದು ಒಂದೋ ಎರಡೋ ವೋಲ್ಟ್ ತೋರಿಸಿದರೆ ಅವರಿಬ್ಬರ ದಾಂಪತ್ಯ ಹೊರಗೆ ಕಾಣುವಷ್ಟು ಚೆನ್ನಾಗಿಲ್ಲ. ಬಿಸಿನೀರು, ಉಪ್ಪುಕಾಗದ, ಮೇಲೊಂದಿಷ್ಟು ಗ್ರೀಸು. ಖರ್ಚಿನ ಪಟ್ಟಿ ಮಾಡಲು ನಾಚಿಕೆಯಾಗುವಷ್ಟು ಕಡಿಮೆ. ಬಹುಶಃ ಈ ಮತಕ್ಕೆ ಅನುಯಾಯಿಗಳಿಲ್ಲದಿರುವುದೂ ಅದಕ್ಕೇ.

ಅಂದಮಾತ್ರಕ್ಕೆ ಬ್ಯಾಟರಿ ಯಾವತ್ತೂ ನಿರಪರಾಧಿಯೆಂದು ವಾದಿಸಲಾಗದು. ರಾತ್ರಿಯೆಲ್ಲ ಸುಮ್ಮನಿದ್ದ ಒಂದೊಂದು ಬ್ಯಾಟರಿಯೂ 12.6 ವೋಲ್ಟ್ ತೋರಿಸಬೇಕು. 12ಕ್ಕಿಳಿದಿದ್ದರೆ ಹೆಚ್ಚುಕಡಿಮೆ ಖಾಲಿ. ಹತ್ತೂವರೆ ಎಂದರೆ ಆರು ಸೆಲ್ಲುಗಳಲ್ಲಿ ಒಂದು ಸತ್ತಿದೆ ಎಂಬ ಅನುಮಾನ ಬಲವಾಗುತ್ತದೆ. ಮುಚ್ಚಳ ತೆಗೆದು ಆಸಿಡ್ ನೋಡಬಹುದು, ಬಾಯಲ್ಲಿ ಬೀಡಿ ಇಟ್ಟುಕೊಂಡು ನೋಡಬಾರದು. ಅಲ್ಲಿಂದೇಳುವುದು ಹೈಡ್ರೋಜನ್, ಈ ವಿಷಯದಲ್ಲಿ ಪ್ರಯೋಗ ಮಾಡಿದವರು ಪ್ರಬಂಧ ಬರೆಯುವ ಸ್ಥಿತಿಯಲ್ಲಿ ಉಳಿಯುವುದಿಲ್ಲ.

ಇಲ್ಲಿ ಸಂಗೀತಶಾಸ್ತ್ರಕ್ಕೆ ಸಂಬಂಧಿಸಿದ ಒಂದು ಉಪಶಾಖೆಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಲಾರಿ 24 ವೋಲ್ಟಿನದು, ಡ್ರೈವರು ತಂದ ಟೇಪ್ ರೆಕಾರ್ಡರು 12 ವೋಲ್ಟಿನದು. ಆತ ಎರಡರಲ್ಲಿ ಒಂದೇ ಬ್ಯಾಟರಿಯಿಂದ ವೈರು ಎಳೆದುಕೊಳ್ಳುತ್ತಾನೆ. ಸರದಿಯಲ್ಲಿ ರಾತ್ರಿಯಿಡೀ ರಾಜ್‌ಕುಮಾರ್ ಹಾಡುಗಳು. ಹಾಡಿದ ಬ್ಯಾಟರಿ ಖಾಲಿ, ಪಕ್ಕದ್ದು ಭರ್ತಿ. ಆಲ್ಟರ್ನೇಟರ್ ಇವೆರಡನ್ನೂ ಒಂದೇ ಎಂದು ಭಾವಿಸಿ ಚಾರ್ಜ್ ಮಾಡುವುದರಿಂದ ಖಾಲಿಯದು ತುಂಬುವುದಿಲ್ಲ, ತುಂಬಿದ್ದು ಕುದಿದು ನೀರು ಕಳೆದುಕೊಳ್ಳುತ್ತದೆ. ಕೆಲವು ತಿಂಗಳಲ್ಲಿ ಎರಡೂ ಹಾಳು. ಒಂದು ಹಸಿವಿನಿಂದ, ಇನ್ನೊಂದು ಅಜೀರ್ಣದಿಂದ. ಮಾಲೀಕ ಬ್ಯಾಟರಿ ಅಂಗಡಿಯವನನ್ನು ಬೈಯುತ್ತಾನೆ. ಹಾಡಿನ ಮೇಲೆ ಯಾರಿಗೂ ಅನುಮಾನವಿಲ್ಲ.

ವಾಯುವಾದವನ್ನು ಪೂರ್ತಿ ಖಂಡಿಸುವುದು ನ್ಯಾಯವಲ್ಲ, ಏಕೆಂದರೆ ಅದಕ್ಕೆ ಕೇಶಿರಾಜನ ಬೆಂಬಲವಿದೆ. ನಾಭಿಯ ಬುಡದಿಂದ ಗಾಳಿ ಅನುಕೂಲವಾಗಿ ಎದ್ದರೆ ಶಬ್ದ ಹುಟ್ಟುತ್ತದೆಂದು 'ಶಬ್ದಮಣಿದರ್ಪಣ' ಹೇಳುತ್ತದೆ. ಡೀಸೆಲ್ ಪೈಪಿನಲ್ಲಿ ಅದೇ ಗಾಳಿ ಪ್ರತಿಕೂಲವಾಗಿ ಕೂತರೆ ಶಬ್ದ ಹುಟ್ಟುವುದಿಲ್ಲ. ಲಕ್ಷಣ ಮಾತ್ರ ಬೇರೆ. ಸೆಲ್ಫ್ ಚುರುಕಾಗಿಯೇ ತಿರುಗುತ್ತದೆ, ಹೊಗೆಯ ಸುಳಿವೂ ಇಲ್ಲ. ಆಗ ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತುತ್ತ, ನೊರೆ ನಿಂತು ಬರೀ ಡೀಸೆಲ್ ಬರುವವರೆಗೆ ಕಾದು ಬಿಗಿ ಮಾಡುವುದು. ಎಳೆಯುತ್ತಿರುವ ಸೆಲ್ಫಿಗೆ ಏರ್ ತೆಗೆಯುವುದೂ, ಚುರುಕಾದ ಸೆಲ್ಫಿಗೆ ಬ್ಯಾಟರಿ ಬದಲಿಸುವುದೂ ವಿಷಯಾಂತರ ದೋಷ.

ಉಳಿದಿದ್ದು ನೂಕುವಾದ. ಇದರವರು ಕಾರಣವನ್ನೇ ಒಪ್ಪದ ಚಾರ್ವಾಕರು. ಕ್ಲಚ್ ಒತ್ತಿ ಎರಡನೇ ಗೇರಿಗೆ ಹಾಕಿ ನೂಕಿಸಿ, ವೇಗ ಬಂದಾಗ ಕ್ಲಚ್ ಬಿಟ್ಟರೆ ಮುಗಿಯಿತು. ಪಂಪು ಸಂಪೂರ್ಣ ಮೆಕ್ಯಾನಿಕಲ್ ಆದ್ದರಿಂದ ಒಮ್ಮೆ ಹೊತ್ತಿದ ಎಂಜಿನ್ನು ಬ್ಯಾಟರಿಯೇ ಇಲ್ಲದೆ ದಿನವಿಡೀ ಓಡುತ್ತದೆ. ಖಾಲಿ ಲಾರಿಗೆ, ಇಳಿಜಾರಿನಲ್ಲಿ, ಈ ದರ್ಶನಕ್ಕೆ ಸಾಟಿಯಿಲ್ಲ. ಹತ್ತು ಟನ್ ಕಬ್ಬು ಹೇರಿ ಸಮತಟ್ಟು ಯಾರ್ಡಿನಲ್ಲಿ ನಿಂತಾಗ ಅನುಯಾಯಿಗಳ ಸಂಖ್ಯೆ ಗಣನೀಯವಾಗಿ ಕುಗ್ಗಿ, ಟ್ರ್ಯಾಕ್ಟರು ಮತ್ತು ಚೈನು ಇರುವ ಒಬ್ಬನೇ ಗೃಹಸ್ಥ ಉಳಿಯುತ್ತಾನೆ. ಅವನ ದಕ್ಷಿಣೆ ಬೇರೆ.

ಕೊನೆಯದಾಗಿ, ಬ್ಯಾಟರ್ಯದ್ವೈತಿಗಳ ಬಲವಾದ ಆಕ್ಷೇಪವೊಂದಿದೆ. "ಹೊಸ ಬ್ಯಾಟರಿ ಹಾಕಿದ ತಕ್ಷಣ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಯ್ತಲ್ಲ ಸ್ವಾಮಿ, ಇದಕ್ಕೇನಂತೀರಿ?" ಉತ್ತರ: ಹೊಸ ಬ್ಯಾಟರಿ ಕೂರಿಸುವ ಹುಡುಗನ ಕೈಯನ್ನು ಗಮನಿಸಬೇಕು. ಹಳೇ ಕ್ಲಾಂಪ್ ಹೊಸ ಕಂಬದ ಮೇಲೆ ಇಳಿಯದಿದ್ದಾಗ ಅವನು ಜೇಬಿನಿಂದ ಉಪ್ಪುಕಾಗದದ ಚೂರೊಂದನ್ನು ತೆಗೆದು ಕ್ಲಾಂಪಿನ ಒಳಮೈಯನ್ನು ಸೀಸ ಹೊಳೆಯುವವರೆಗೆ ಉಜ್ಜುತ್ತಾನೆ. ಆ ಉಜ್ಜಾಟ ಬಿಲ್ಲಿನಲ್ಲಿ ಬರುವುದಿಲ್ಲ. ಬಿಚ್ಚಿದ ಹಳೇ ಬ್ಯಾಟರಿಗಳನ್ನು ಸೀಸದ ತೂಕಕ್ಕೆ ಹಿಡಿದು ಅಂಗಡಿಯವರು ಬಿಲ್ಲಿನಲ್ಲಿ ಅಷ್ಟಿಷ್ಟು ಮುರಿದುಕೊಳ್ಳುತ್ತಾರೆ. ಅವು ಕುಲುಮೆಗೆ ಹೋಗುತ್ತವೆಂದು ಮಾಲೀಕ ನಂಬಿದ್ದಾನೆ. ಅವುಗಳಲ್ಲೊಂದು ಯಾರ್ಡಿನ ಆ ಟ್ರ್ಯಾಕ್ಟರಿನಲ್ಲಿ ಕೂತಿದೆಯೆಂದೂ, ಒಂದೇ ಸೆಲ್ಫಿಗೆ ಎತ್ತುತ್ತದೆಂದೂ ಕಾವಲುಗಾರ ಹೇಳುತ್ತಾನೆ.