ನಿಧಾನವೇ ಪ್ರಧಾನ

ತಮಿಳುನಾಡಿನ ಕಂಬಂನಿಂದ ಪನ್ನೀರು ದ್ರಾಕ್ಷಿ ಹೊತ್ತು ಕುಮಳಿ ಘಾಟಿ ಹತ್ತುವ ಲಾರಿಗೆ ಎಂಟು ವರ್ಷ ತುಂಬಿತೆಂದರೆ ವರ್ಷವರ್ಷವೂ ಎಫ್‌ಸಿ, ಅಂದರೆ ಓಡಲು ಯೋಗ್ಯವೆಂಬ ಸರ್ಟಿಫಿಕೇಟ್, ಮಾಡಿಸಬೇಕು. ಹಿಂದಿನ ಲೈಟಿನ ಗಾಜು ಸೀಳಿದ್ದರೂ ಬ್ರೇಕ್ ಇನ್ಸ್‌ಪೆಕ್ಟರು ಬಗ್ಗಿ ನೋಡಿ ವಾಪಸ್ ಕಳಿಸುತ್ತಾರೆ. ದ್ರಾಕ್ಷಿ ಕೊಳೆಯುವ ಸರಕು, ಅದಕ್ಕೆ ಲಾರಿಯ ಮೇಲೆ ಈ ಕಟ್ಟುನಿಟ್ಟು ಸರಿ. ದೇಶರಕ್ಷಣೆ ಕೊಳೆಯುವುದಿಲ್ಲವಲ್ಲ!

1999ರ ಜನವರಿ 11. ಇದೇ ತಮಿಳುನಾಡಿನ ಅರಕ್ಕೋಣಂ, ನೌಕಾಪಡೆಯ ರಾಜಾಳಿ ವಾಯುನೆಲೆಯ ಹತ್ತಿರ. ಜನರನ್ನೂ ಸರಕನ್ನೂ ಸಾಗಿಸಲೆಂದು ಹುಟ್ಟಿದ ಅವ್ರೋ ವಿಮಾನದ ಬೆನ್ನಿಗೆ ರೇಡಾರಿನ ದೊಡ್ಡ ತಟ್ಟೆ ಕೂರಿಸಿ, ಶತ್ರುವನ್ನು ದೂರದಿಂದಲೇ ಕಾಣುವ ಪ್ರಯೋಗವನ್ನು ಬೆಂಗಳೂರಿನ ಡಿಆರ್‌ಡಿಒ ಪ್ರಯೋಗಾಲಯ ನಡೆಸುತ್ತಿತ್ತು. ತಟ್ಟೆ ಕಳಚಿತು, ವಿಮಾನ ಬಿತ್ತು. ವಿಜ್ಞಾನಿಗಳು, ವಾಯುಪಡೆಯವರು ಸೇರಿ ಎಂಟು ಜನ ತೀರಿಕೊಂಡರು. ಅವರ ಸಾವಿನಲ್ಲಿ ನಗುವಂಥದ್ದೇನೂ ಇಲ್ಲ. ನಗು ಬರುವುದು ಆಮೇಲಿನದಕ್ಕೆ.

ಯೋಜನೆಯನ್ನು ಗಂಟುಕಟ್ಟಿ ಅಟ್ಟಕ್ಕೆ ಹಾಕಿದರು. 2004ರಲ್ಲಿ ಧೂಳು ಕೊಡವಿ ಕೆಳಗಿಳಿಸಿದರು. ಈ ಸಲ ವಿಮಾನ ಬ್ರೆಜಿಲಿನ ಎಂಬ್ರೇರ್, ಹೆಸರು ‘ನೇತ್ರ’. ಅದು ವಾಯುಪಡೆಯ ಕೈಸೇರಿದ್ದು 2017ರಲ್ಲಿ. ಅಷ್ಟರಲ್ಲಿ ಇಸ್ರೇಲಿನ ರೇಡಾರ್ ಹೊತ್ತ ರಷ್ಯದ ವಿಮಾನ 2009ರಲ್ಲೇ ಬಂದಿಳಿದಿತ್ತು. ದುಡ್ಡು ಕೊಟ್ಟರೆ ಕಣ್ಣೂ ಬೇಗ ಸಿಗುತ್ತದೆ.

ಅವ್ರೋ ಕಥೆ ಇನ್ನೂ ಚಂದ. 1961ರಲ್ಲಿ ಕಾನ್ಪುರದಲ್ಲಿ ಜೋಡಿಸಿ ಹಾರಿಸಿದ ಮಾದರಿಗೆ ಬದಲಿ ಬೇಕೆಂದು ಸರ್ಕಾರ ತಲೆಯಾಡಿಸಿದ್ದು 2012ರಲ್ಲಿ. ಟೆಂಡರಿಗೆ ಬಿದ್ದದ್ದು ಒಂದೇ ಬಿಡ್. ಒಬ್ಬನೇ ಬಂದರೆ ಸ್ಪರ್ಧೆ ಎಲ್ಲಿ, ಸ್ಪರ್ಧೆ ಇಲ್ಲದಿದ್ದರೆ ಆಡಿಟ್‌ನವರಿಗೆ ಏನು ಹೇಳುವುದು? ಅವ್ರೋ ಬದಲಿಗೆ 56 ಸಿ-295 ವಿಮಾನಗಳ ಕರಾರಿಗೆ ಸಹಿ ಬೀಳುವಾಗ 2021ರ ಸೆಪ್ಟೆಂಬರ್ ಆಗಿತ್ತು. ಮೊದಲನೆಯದು ಕೈಗೆ ಬಂದದ್ದು 2023ರಲ್ಲಿ. ‘ಅವಸರವೇ ಅಪಘಾತಕ್ಕೆ ಕಾರಣ’ ಎಂಬ ಬೋರ್ಡನ್ನು ಘಾಟಿಗಳಲ್ಲಿ ಲಾರಿಯವರು ಓದುವುದೇ ಇಲ್ಲ. ದೆಹಲಿಯ ರಕ್ಷಣಾ ಸಚಿವಾಲಯದವರು ಬಾಯಿಪಾಠ ಮಾಡಿದ್ದಾರೆ.

2016ರ ಜುಲೈ 22ರಂದು ತಾಂಬರಂನಿಂದ ಪೋರ್ಟ್ ಬ್ಲೇರಿಗೆ ಹೊರಟ ವಾಯುಪಡೆಯ ಇನ್ನೊಂದು ಸಾಗಣೆ ವಿಮಾನ ಎಎನ್-32, 29 ಜನರೊಂದಿಗೆ ಬಂಗಾಳ ಕೊಲ್ಲಿಯ ಮೇಲೆ ಕಾಣೆಯಾಯಿತು. 2024ರಲ್ಲಿ, ಚೆನ್ನೈ ತೀರದಿಂದ ಸುಮಾರು 310 ಕಿ.ಮೀ. ದೂರದಲ್ಲಿ, 3,400 ಮೀಟರ್ ಆಳದಲ್ಲಿ ಅವಶೇಷ ಸಿಕ್ಕಿತು. ಸಮುದ್ರದ ತಳವೇ ಕಡತಕ್ಕಿಂತ ಹತ್ತಿರವಿತ್ತು. ಯಾಕೆಂದರೆ ಎಎನ್-32ರ ಜಾಗಕ್ಕೆ ಯಾವ ವಿಮಾನ ಕೊಡುತ್ತೀರಿ ಎಂದು ಕಂಪನಿಗಳನ್ನು ವಿಚಾರಿಸುವ ಕಾಗದ ಹೊರಟದ್ದೇ 2022ರ ಡಿಸೆಂಬರಿನಲ್ಲಿ. ಕೊಳ್ಳುವ ಕಾಗದವಲ್ಲ, ವಿಚಾರಿಸುವ ಕಾಗದ.