ನವಕಾಲಘಟ್ಟ ಪ್ರವೇಶ ಮೀಮಾಂಸೆ

ಕಿರುಗೊಂಬೆಗಳ ಯುದ್ಧದಾಟದಲ್ಲಿ ಹೊಸ ಕಾಲಘಟ್ಟವೊಂದಕ್ಕೆ ಕೈಹಾಕುವುದು ಸ್ವತಂತ್ರ ಶಾಸ್ತ್ರ. ಆಟಕ್ಕೂ ಅದಕ್ಕೂ ಇರುವ ನಂಟು ದೂರದ್ದು. ಎಲ್ಲ ಶಾಸ್ತ್ರಗಳಂತೆ ಇದಕ್ಕೂ ಅನುಬಂಧ ಚತುಷ್ಟಯವುಂಟು. ವಿಷಯ, ನಿನ್ನೆಯವರೆಗೆ ಹೆಸರೂ ಕೇಳಿರದ ಒಂದು ಯುದ್ಧ. ಸಂಬಂಧ, ಆ ಯುದ್ಧದ ಮೇಲೆ ಕಣ್ಣಿಗೆ ಬಿದ್ದ ಒಂದು ಚಿತ್ರಪುಸ್ತಕ. ಅಧಿಕಾರಿ, ಹಿಂದಿನ ಕಾಲಘಟ್ಟದ ಸೈನ್ಯಕ್ಕೆ ಅರ್ಧ ಬಣ್ಣ ಬಳಿದು ಕೈಬಿಟ್ಟವನು. ಪೂರ್ತಿ ಬಳಿದವನಿಗೆ ಇಲ್ಲಿ ಅಧಿಕಾರವಿಲ್ಲ. ಅವನು ಆಡಲು ಕುಳಿತುಬಿಡುವ ಅಪಾಯವಿದೆ. ಪ್ರಯೋಜನದ ವಿಚಾರದಲ್ಲಿ ಶಾಸ್ತ್ರಕಾರರೆಲ್ಲ ಮೌನ ವಹಿಸಿದ್ದಾರೆ.

ಪರಂಪರೆಯೇನೋ ಘನವಾದದ್ದು. ಪ್ರಷ್ಯದ ಸೇನಾಧಿಕಾರಿ ರೈಸ್‌ವಿಟ್ಸ್ 1824ರಲ್ಲಿ ಕ್ರೀಗ್‌ಸ್ಪೀಲ್ ಎಂಬ ನಕ್ಷೆಯಾಟಕ್ಕೆ ನಿಯಮ ಬರೆದ. ಅದು ಅಧಿಕಾರಿಗಳ ತರಬೇತಿಗೆ ಒದಗಿತು. 1913ರಲ್ಲಿ ಎಚ್.ಜಿ. ವೆಲ್ಸ್ ‘ಲಿಟಲ್ ವಾರ್ಸ್’ ಪ್ರಕಟಿಸಿ ಯುದ್ಧವನ್ನು ಮನೆಯ ನೆಲಕ್ಕಿಳಿಸಿದ. ಅವನ ಪದ್ಧತಿಯಲ್ಲಿ ಸ್ಪ್ರಿಂಗ್ ಫಿರಂಗಿಯಿಂದ ಮರದ ಗುಂಡು ಹಾರಿಸಬೇಕು. ಉರುಳಿದ ಗೊಂಬೆ ಸತ್ತಂತೆ, ನಿಂತದ್ದು ಬದುಕಿದಂತೆ. ಸತ್ತವನ ಅಂಗಿಗೆ ಎಷ್ಟು ಗುಂಡಿಗಳಿದ್ದವು ಎಂಬ ಪ್ರಶ್ನೆ ಆಗಿನ್ನೂ ಹುಟ್ಟಿರಲಿಲ್ಲ. 1970ರ ದಶಕದಲ್ಲಿ ಆಸ್ಪ್ರೇ ಪ್ರಕಾಶನದ ‘ಮೆನ್ ಅಟ್ ಆರ್ಮ್ಸ್’ ಮಾಲೆ ಸಮವಸ್ತ್ರಗಳ ಬಣ್ಣದ ಚಿತ್ರಪಟಗಳೊಂದಿಗೆ ಒಂದೊಂದಾಗಿ ಹೊರಬರತೊಡಗಿದ ಮೇಲೆ ಆ ಮುಗ್ಧತೆ ಅಳಿಯಿತು.

ಉದಾಹರಣೆಗೆ 1700ರಿಂದ 1721ರವರೆಗಿನ ಮಹಾ ಉತ್ತರ ಯುದ್ಧವನ್ನು ತೆಗೆದುಕೊಳ್ಳಬಹುದು. ಒಂದು ಕಡೆ ಸ್ವೀಡನ್ನಿನ ಹನ್ನೆರಡನೆಯ ಚಾರ್ಲ್ಸ್, ಇನ್ನೊಂದು ಕಡೆ ರಷ್ಯದ ಪೀಟರ್. ನೆಪೋಲಿಯನ್ನನ ಕಾಲದ ಜರಿ, ಗೊಂಡೆ, ಗರಿಗಳಿಂದ ಬೇಸತ್ತವನಿಗೆ ಸ್ವೀಡಿಷ್ ಕಾಲಾಳು ದೇವರು ಕಳಿಸಿದಂತೆ ಕಾಣುತ್ತಾನೆ: ನೀಲಿ ಅಂಗಿ, ಹಳದಿ ತೋಳಪಟ್ಟಿ, ಎರಡೇ ಡಬ್ಬಿ ಬಣ್ಣ. ಈ ಲೆಕ್ಕಾಚಾರದ ಬಲದಿಂದಲೇ ಮೊದಲ ಪೊಟ್ಟಣ ಮನೆಗೆ ಬರುತ್ತದೆ. ರಷ್ಯದ ಪ್ರಿಯೊಬ್ರಾಜೆನ್‌ಸ್ಕಿ ದಳ ಹಸಿರು ಅಂಗಿಯದು, ಅಡ್ಡಿಯಿಲ್ಲ. ಆದರೆ ಅದರ ಜೊತೆಯ ಸೆಮ್ಯೊನೊವ್‌ಸ್ಕಿ ದಳ ನೀಲಿಯದು. ಮೇಜಿನ ಮೇಲೆ ಶತ್ರು ಮಿತ್ರರನ್ನು ಗುರುತಿಸಲು ಈಗ ನೀಲಿಯಲ್ಲೇ ಎರಡು ಛಾಯೆ ಬೇಕು, ಅವುಗಳಲ್ಲಿ ಚಾರಿತ್ರಿಕವಾಗಿ ಸರಿಯಾದದ್ದು ಯಾವುದೆಂದು ನಿರ್ಣಯಿಸಲು ಇನ್ನೆರಡು ಪುಸ್ತಕ ಬೇಕು.

ಪೀಠದ ಸಮಸ್ಯೆ ಇದಕ್ಕಿಂತ ಗಹನ. ಗೊಂಬೆಯ ಕಾಲಡಿಯ ಬಿಲ್ಲೆಗೆ ನೆಲದ ರೂಪ ಕೊಡುವುದು ಸಂಪ್ರದಾಯ. ನಾರ್ವಾ ಕದನ ನಡೆದದ್ದು 1700ರ ನವೆಂಬರಿನಲ್ಲಿ, ಹಿಮಗಾಳಿಯ ನಡುವೆ. ಪೊಲ್ಟಾವಾ ಕದನ 1709ರ ಬೇಸಿಗೆಯಲ್ಲಿ, ಉಕ್ರೇನಿನ ಬಯಲಲ್ಲಿ. ನಾರ್ವಾಕ್ಕೆಂದು ಬಿಳಿ ಪುಡಿ ಉದುರಿಸಿದ ಸೈನ್ಯ ಪೊಲ್ಟಾವಾದಲ್ಲಿ ಹಿಮ ಹೊತ್ತುಕೊಂಡೇ ಸೋಲಬೇಕು. ಹುಲ್ಲು ಅಂಟಿಸಿದರೆ ನಾರ್ವಾದಲ್ಲಿ ಚಾರ್ಲ್ಸನ ಕಾಲಡಿ ಮಾತ್ರ ವಸಂತ. ಎರಡು ಸೈನ್ಯ ಕಟ್ಟುವುದೇ ಪರಿಹಾರವೆಂದು ಹಿರಿಯರು ಸಲಹೆ ಕೊಡುತ್ತಾರೆ. ಹಿರಿಯರೆಂದರೆ ಗೊಂಬೆ ಮಾರುವವರು.

ಗಾತ್ರದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 28 ಮಿಲಿಮೀಟರ್ ಎಂದಾಗ ಅದು ಪಾದದಿಂದ ಕಣ್ಣಿಗೋ ಪಾದದಿಂದ ನೆತ್ತಿಗೋ ಎಂಬಲ್ಲಿ ಎರಡು ಮತಗಳಿವೆ. ಇವು ಒಂದಾಗುವ ಲಕ್ಷಣವಿಲ್ಲ.

ಸಂಖ್ಯೆಯ ಮಾತು ಹಾಗಲ್ಲ. ನಾರ್ವಾದಲ್ಲಿ ಸ್ವೀಡನ್ನಿನ ಪಡೆ ಸುಮಾರು 10,000. ರಷ್ಯದ್ದು ಅದರ ಮೂರು ಪಟ್ಟಿಗೂ ಮಿಕ್ಕು. 20 ಸೈನಿಕರಿಗೆ ಒಂದು ಗೊಂಬೆಯಂತೆ ಹಿಡಿದರೂ ಸ್ವೀಡನ್ನಿಗೆ 500, ರಷ್ಯಕ್ಕೆ 1,500ಕ್ಕೂ ಹೆಚ್ಚು. ಎರಡನೆಯ ಸಂಖ್ಯೆ ಎದುರಾಳಿಯ ಪಾಲಿಗೆ ಸೇರಿದ್ದೆಂದು ಹೊಸಬ ಭಾವಿಸುತ್ತಾನೆ. ಮಹಾ ಉತ್ತರ ಯುದ್ಧವನ್ನು ಹಿಡಿದ ಇನ್ನೊಬ್ಬ ಊರಲ್ಲಿ ಇರುವುದಿಲ್ಲ. ಇದ್ದರೆ ಅವನೂ ಸ್ವೀಡನ್ನನ್ನೇ ಕೊಂಡಿರುತ್ತಾನೆ. ಹೀಗಾಗಿ ಶತ್ರುವನ್ನು ಸ್ವಂತ ಖರ್ಚಿನಲ್ಲಿ ಸಾಕುವುದು ಈ ಶಾಸ್ತ್ರದ ನಿತ್ಯಕರ್ಮ. ಚರಿತ್ರೆಯಲ್ಲಿ ಯಾವ ದೊರೆಯೂ ಇಷ್ಟು ಉದಾರಿಯಾಗಿರಲಿಲ್ಲ.

ಇಲ್ಲಿ ಪೂರ್ವಪಕ್ಷ: ಮನೆಯಲ್ಲಿರುವ ಸೈನ್ಯದಲ್ಲೇ ಆಡಬಾರದೇಕೆ? ಸಿದ್ಧಾಂತಿಯ ಉತ್ತರ: ಇರುವ ಸೈನ್ಯ ಅಪೂರ್ಣ, ಅಪೂರ್ಣ ಸೈನ್ಯದೊಂದಿಗೆ ಆಡುವುದು ಚರಿತ್ರೆಗೆ ಬಗೆಯುವ ದ್ರೋಹ. ಹಾಗಾದರೆ ಪೂರ್ಣಗೊಳಿಸಬಾರದೇಕೆ? ಅದು ಹಳೆಯ ಕಾಲಘಟ್ಟ. ಪೂರ್ವಪಕ್ಷಿ ನಿರುತ್ತರನಾಗುತ್ತಾನೆ.

ಕನ್ನಡನಾಡಿಗೂ ಈ ಶಾಸ್ತ್ರದಲ್ಲಿ ಒಂದು ಮೂಲೆ ದಕ್ಕಿದೆ. ವೆಲ್ಲಿಂಗ್ಟನ್ನನ ಬಾಲ ಹಿಡಿದು ಹಿಂದಕ್ಕೆ ಹೋದ ಇಂಗ್ಲಿಷ್ ಆಟಗಾರ, ಆತ ಇನ್ನೂ ಕರ್ನಲ್ ವೆಲ್ಲೆಸ್ಲಿಯಾಗಿ ಸುಲ್ತಾನಪೇಟೆಯ ತೋಪಿನ ಕತ್ತಲಲ್ಲಿ ಪೆಟ್ಟು ತಿಂದ 1799ನೆಯ ಇಸವಿಗೆ ಬಂದು ನಿಲ್ಲುತ್ತಾನೆ. ಟಿಪ್ಪುವಿನ ಕಾಲಾಳುಗಳ ಅಂಗಿಯ ತುಂಬ ಹುಲಿಪಟ್ಟೆ. ಹೆಬ್ಬೆರಳಿನಷ್ಟು ಎತ್ತರವೂ ಇಲ್ಲದ ಗೊಂಬೆಯ ಎದೆಗೆ ಆ ಪಟ್ಟೆ ಬರೆಯಲು ಕೂತವರು ಹತ್ತನೆಯ ಸೈನಿಕನ ಹೊತ್ತಿಗೆ ಬ್ರಿಟಿಷರ ಪಕ್ಷ ಸೇರುವುದುಂಟು. ಅವರದು ಬರೀ ಕೆಂಪು. ಶ್ರೀರಂಗಪಟ್ಟಣದ ಪತನಕ್ಕೆ ಇತಿಹಾಸಕಾರರು ಕೊಡುವ ಕಾರಣಗಳಲ್ಲಿ ಇದು ಸೇರಿಲ್ಲ.

ಎಲ್ಲ ಮುಗಿದು ಆಟ ನಡೆದೇಬಿಟ್ಟರೆ ಅದು ಒಂದು ಸಂಜೆಯ ವಿಷಯ. ನಾಲ್ಕು ದಾಳಗಳಲ್ಲಿ ಒಂದೊಂದೇ ಬಿದ್ದು ಚಾರ್ಲ್ಸನ ಸೈನ್ಯ ಓಡುತ್ತದೆ. ಮಾರನೆಯ ದಿನ ಸೈನ್ಯ ಡಬ್ಬಿ ಸೇರುತ್ತದೆ, ಡಬ್ಬಿ ಅಟ್ಟ ಸೇರುತ್ತದೆ.

ಈ ವ್ಯಾಧಿಗೆ ಔಷಧವಾಗಿ 1990ರಲ್ಲಿ ಡಿಬಿಎ ಎಂಬ ಪುಟ್ಟ ನಿಯಮಾವಳಿ ಇಂಗ್ಲೆಂಡಿನಲ್ಲಿ ಬಂತು. ಪ್ರಾಚೀನ, ಮಧ್ಯಯುಗಗಳ ಯಾವುದೇ ಸೈನ್ಯಕ್ಕೆ ಅದರಲ್ಲಿ 12 ಬಿಲ್ಲೆಗಳೇ ಸಾಕು. ಮೇಜು ಎರಡಡಿ ಚೌಕ, ಆಟ ಒಂದು ಗಂಟೆಯದು. ಖರ್ಚು ಕಡಿಮೆ, ಜಾಗ ಕಡಿಮೆ, ಬಣ್ಣದ ಕೆಲಸ ವಾರದೊಳಗೆ ಮುಗಿಯುತ್ತದೆ. ಸೈನ್ಯವೊಂದು ಇಷ್ಟು ಅಗ್ಗವಾದ ಮೇಲೆ ಒಂದಕ್ಕೇ ನಿಲ್ಲುವುದು ಲೋಭವೆನಿಸಿ, ಅಸ್ಸೀರಿಯದಿಂದ ಮಂಗೋಲರವರೆಗೆ ಸಾಲುಸಾಲಾಗಿ ಕೊಂಡವರಿದ್ದಾರೆ. ಡಿಬಿಎ ಪುಸ್ತಕದಲ್ಲಿ ಇಂಥ ಸೈನ್ಯಗಳ ಪಟ್ಟಿಗಳು ನೂರಾರು ಇವೆ.