ಎರಡರಿಂದ ಎಂಟು ಡಿಗ್ರಿಯೊಳಗೆ ಒಂದು ಸಂದರ್ಶನ

ಮಲೆನಾಡಿನ ಒಂದು ಪೇಟೆ, ಮೇ ತಿಂಗಳ ಮೊದಲ ವಾರ. ಬಸ್ ಸ್ಟ್ಯಾಂಡಿನ ಎದುರಿನ ಮೆಡಿಕಲ್ ಶಾಪಿನ ಫ್ರಿಜ್ಜು. ಮೇಲಿನ ಅಂತಸ್ತಿನಲ್ಲಿ ಇನ್ಸುಲಿನ್, ನಡುವೆ ನಾಯಿ ಕಡಿತದ ಲಸಿಕೆ, ಕೆಳಗೆ ಮಾಲೀಕರ ಮೊಸರಿನ ಪ್ಯಾಕೆಟ್ಟು. ಮೊಸರಿನ ಮರೆಯಲ್ಲಿ ಫ್ಲೂ ಸೂಜಿ. ಬಾಗಿಲು ಬಹಳ ಹೊತ್ತು ತೆರೆದಿಡಕೂಡದು ಎಂಬ ಷರತ್ತಿನ ಮೇಲೆ ಮಾತಿಗೆ ಒಪ್ಪಿತು. ಷರತ್ತನ್ನು ಮುರಿದಿದ್ದು ಅದೇ.

ಪ್ರಶ್ನೆ: ಹೇಗಿದ್ದೀರಿ?

ಸೂಜಿ: ತಣ್ಣಗಿದ್ದೇನೆ. ಬಿಸಿಯಾದರೂ ಕೆಟ್ಟೆ, ಹೆಪ್ಪುಗಟ್ಟಿದರೂ ಕೆಟ್ಟೆ. ಕರೆಂಟು ಹೋದಾಗ ಮಾಲೀಕರು ಓಡಿಬಂದು ಮೊದಲು ಮೊಸರನ್ನೇ ಮುಟ್ಟಿ ನೋಡುತ್ತಾರೆ.

ಪ್ರಶ್ನೆ: ವ್ಯಾಪಾರ?

ಸೂಜಿ: ಇನ್ಸುಲಿನ್‌ಗೆ ದಿನವೂ ಗಿರಾಕಿ. ನಾಯಿ ಲಸಿಕೆಗೆ ಬೀದಿನಾಯಿಗಳೇ ಗಿರಾಕಿ ಹಿಡಿದು ಕಳಿಸುತ್ತವೆ. ನನ್ನನ್ನು ಕೇಳಿಕೊಂಡು ಬರುವವರು ಬರುವುದು ಜುಲೈನಲ್ಲಿ, ಮನೆಮಂದಿಯೆಲ್ಲ ಜ್ವರ ಬಂದು ಮಲಗಿದ ಮೇಲೆ. ನಾನು ತೋಳಿಗಿಳಿದ ಮೇಲೆ ಮೈಯಲ್ಲಿ ರಕ್ಷಣೆ ಕಟ್ಟಲು ಎರಡು ವಾರ ಬೇಕು. ಜ್ವರ ಅಷ್ಟು ದಿನ ಜಗಲಿಯಲ್ಲಿ ಕೂತು ಕಾಯುತ್ತದೆಯೇ?

ಪ್ರಶ್ನೆ: ಒಂದು ನೆಗಡಿಗೆ ಇಷ್ಟೆಲ್ಲ ರಾದ್ಧಾಂತವೇ?

ಸೂಜಿ: ನೆಗಡಿ ನನ್ನ ಇಲಾಖೆಯಲ್ಲ, ಅದಕ್ಕೆ ಮೆಣಸಿನ ಕಷಾಯ ಇದೆ. ನನ್ನದು ಇನ್‌ಫ್ಲುಯೆಂಜಾ. ಗಟ್ಟಿಮುಟ್ಟಾದವರು ಒಂದು ವಾರ ಮಲಗಿ ಎದ್ದುಬಿಡುತ್ತಾರೆ, ಅವರ ಚಿಂತೆ ನನಗಿಲ್ಲ. ನಾನು ಕಾಯುತ್ತಿರುವುದು ದಮ್ಮಿನವರಿಗಾಗಿ. ಸಿಒಪಿಡಿ, ಆಸ್ತಮಾ, ಟಿಬಿ ವಾಸಿಯಾದ ಮೇಲೂ ಗಾಯದ ಗುರುತು ಉಳಿದುಕೊಂಡ ಶ್ವಾಸಕೋಶದವರು. ಬೀಡಿ ಸೇದಿದವರಷ್ಟೇ ಅಂದುಕೊಳ್ಳಬೇಡಿ. ಜೀವಮಾನವಿಡೀ ಸೌದೆ ಒಲೆ ಊದಿದ ಅಜ್ಜಿಯಂದಿರು ಎಷ್ಟು ಮಂದಿ! ಬೀಡಿ ಮುಟ್ಟಿದವರಲ್ಲ, ಆದರೂ ನಾಲ್ಕು ಹೆಜ್ಜೆ ನಡೆದರೆ ಎದೆ ಸುಯ್ಯೆನ್ನುತ್ತದೆ. ಅವರ ಉಸಿರಿನ ಉಳಿತಾಯವನ್ನು ಒಲೆ ಆಗಲೇ ಖರ್ಚು ಮಾಡಿ ಮುಗಿಸಿದೆ. ಅಂಥವರಿಗೆ ಫ್ಲೂ ಬಂದರೆ ಶ್ವಾಸನಾಳ ಊದಿಕೊಳ್ಳುತ್ತದೆ, ಕಫ ಕಟ್ಟುತ್ತದೆ, ಅದರ ಬೆನ್ನಿಗೇ ನ್ಯುಮೋನಿಯಾ ಬರಬಹುದು. ಆಕ್ಸಿಜನ್ ಹಾಕಿಸಿಕೊಂಡು ಬದುಕಿ ಬಂದವರಲ್ಲೂ ಕೆಲವರಿಗೆ ಮೊದಲಿದ್ದಷ್ಟು ಉಸಿರು ಮರಳಿ ಬರುವುದಿಲ್ಲ.

ಪ್ರಶ್ನೆ: ಅವರ ಹತ್ತಿರ ಇನ್‌ಹೇಲರ್ ಪಂಪು ಇರುತ್ತದಲ್ಲ?

ಸೂಜಿ: ಇರಲಿ, ಬಿಡಬಾರದು. ಪಂಪು ನಾಳ ಅಗಲಿಸುತ್ತದೆ, ಊತ ಇಳಿಸುತ್ತದೆ. ಆದರೆ ವೈರಸ್ಸನ್ನು ತಡೆಯುವುದು ಅದರ ಕೆಲಸವಲ್ಲ. ತಿಂಗಳು ತಿಂಗಳೂ ಪಂಪಿನ ಚೀಟಿ ಬರೆಯುವ ಎಷ್ಟೋ ಕೈಗಳು ಅದರ ಕೆಳಗೆ ನನ್ನ ಹೆಸರು ಬರೆಯುವುದನ್ನು ಮರೆಯುತ್ತವೆ. ಇದು ನನ್ನ ಮುಖ್ಯ ದೂರು, ದಪ್ಪಕ್ಷರದಲ್ಲಿ ಹಾಕಿ.

ಪ್ರಶ್ನೆ: ನಿಮ್ಮನ್ನು ಚುಚ್ಚಿಸಿಕೊಂಡರೇ ಫ್ಲೂ ಬರುತ್ತದೆ ಅನ್ನುತ್ತಾರೆ.

ಸೂಜಿ: ನನ್ನೊಳಗಿರುವುದು ಸತ್ತ ವೈರಸ್ಸಿನ ಚೂರು. ಸತ್ತದ್ದು ಎದ್ದು ಬರುವುದು ಧಾರಾವಾಹಿಯಲ್ಲಿ ಮಾತ್ರ. ತೋಳು ನೋಯಬಹುದು, ಒಂದೆರಡು ದಿನ ಸಣ್ಣ ಜ್ವರ, ಮೈಕೈ ನೋವು ಬರಬಹುದು. ಮೂಗಿಗೆ ಸಿಂಪಡಿಸುವ ದಾಯಾದಿಯೊಬ್ಬ ಇದ್ದಾನೆ, ಅವನೊಳಗಿನ ವೈರಸ್ಸಿಗೆ ಶಕ್ತಿ ಕುಂದಿದ್ದರೂ ಜೀವ ಇದೆ. ದಮ್ಮಿನವರಿಗೆ ಅವನ ಸಹವಾಸ ಬೇಡ, ನಾನೇ ಸಾಕು.

ಪ್ರಶ್ನೆ: ವರ್ಷ ವರ್ಷವೂ ಯಾಕೆ? ಕಂಪನಿಯವರ ಉಪಾಯವೇ?

ಸೂಜಿ: ಪಂಚಾಂಗವನ್ನು ವರ್ಷ ವರ್ಷ ಕೊಳ್ಳುತ್ತೀರಲ್ಲ, ಹಾಗೇ ಇದು. ವೈರಸ್ಸು ವೇಷ ಬದಲಿಸುತ್ತಲೇ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಫೆಬ್ರವರಿಯಲ್ಲಿ ಉತ್ತರಾರ್ಧಗೋಳಕ್ಕೆ, ಸೆಪ್ಟೆಂಬರಿನಲ್ಲಿ ದಕ್ಷಿಣಾರ್ಧಗೋಳಕ್ಕೆ, ಲಸಿಕೆಯಲ್ಲಿ ಯಾವ ಯಾವ ವೇಷ ಇರಬೇಕೆಂಬ ಪಟ್ಟಿ ಹೊರಡಿಸುತ್ತದೆ. ನಾವಿರುವುದು ಉತ್ತರದಲ್ಲಿ, ಆದರೆ ನಮ್ಮ ಫ್ಲೂ ಏರುವುದು ಮಳೆಗಾಲದಲ್ಲಿ. ಹಾಗಾಗಿ ನಮ್ಮ ಮಳೆಗೆ ದಕ್ಷಿಣದ ಪಟ್ಟಿಯೇ ಹೊಂದುತ್ತದೆ. ಇನ್ನೊಂದು ವಿಷಯ: ಬಿ ಯಮಗಾಟಾ ಎಂಬ ವೈರಸ್ ವಂಶ 2020ರ ಮಾರ್ಚ್ ನಂತರ ಖಚಿತವಾಗಿ ಎಲ್ಲೂ ಸಿಕ್ಕಿಲ್ಲ. ಅದು ಇನ್ನು ಲಸಿಕೆಯಲ್ಲಿ ಬೇಡವೆಂದು ತಜ್ಞರು 2023ರಲ್ಲಿ ಹೇಳಿಬಿಟ್ಟರು. ಕೆಲಸವಿಲ್ಲವೆಂದು ಒಂದು ಹುದ್ದೆಯನ್ನೇ ತೆಗೆದುಹಾಕಿದ್ದನ್ನು ನೀವು ಬೇರೆಲ್ಲಾದರೂ ಕಂಡಿದ್ದೀರಾ?

ಪ್ರಶ್ನೆ: ಚುಚ್ಚಿಸಿಕೊಂಡರೆ ಗ್ಯಾರಂಟಿಯೇ?

ಸೂಜಿ: ಗ್ಯಾರಂಟಿ ಕೊಡಲು ನಾನೇನು ಚುನಾವಣೆಗೆ ನಿಂತಿಲ್ಲ. ವೇಷ ಸರಿಯಾಗಿ ಹೊಂದಿದ ವರ್ಷಗಳಲ್ಲಿ, ಡಾಕ್ಟರ ಬಳಿ ಓಡಬೇಕಾದಂಥ ಫ್ಲೂವನ್ನು ಸುಮಾರು ಶೇ. 40ರಿಂದ 60ರಷ್ಟು ತಗ್ಗಿಸುತ್ತೇನೆ. ಹೊಂದದ ವರ್ಷ ಅಷ್ಟೂ ಇಲ್ಲ. ಸಿಒಪಿಡಿಯವರಲ್ಲಿ ರೋಗ ಉಲ್ಬಣಿಸುವುದು ಕಡಿಮೆಯಾಗುತ್ತದೆ ಎಂಬುದನ್ನು ಪ್ರಯೋಗಗಳು ತೋರಿಸಿವೆ.

ಪ್ರಶ್ನೆ: ಸರ್ಕಾರ ಬಿಟ್ಟಿ ಕೊಡಬಹುದಲ್ಲ?

ಸೂಜಿ: ದೇಶದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಮಕ್ಕಳಿಗೆ, ಗರ್ಭಿಣಿಯರಿಗೆ. ಅದರಲ್ಲಿ ನಾನಿಲ್ಲ. ಖಾಸಗಿಯಲ್ಲಿ ನನ್ನ ಬೆಲೆ ಸಾವಿರ ರೂಪಾಯಿ ದಾಟುತ್ತದೆ. ಸೌದೆ ಒಲೆಯ ಅಜ್ಜಿ ಅಷ್ಟನ್ನು ಎಲ್ಲಿಂದ ತರಬೇಕು? ಆಸ್ಪತ್ರೆ ಸೇರಿದ ಮೇಲೆ ಹಾಸಿಗೆ, ಆಕ್ಸಿಜನ್, ಆಂಬುಲೆನ್ಸ್ ಕೊಡಲು ಸರ್ಕಾರ ಸಿದ್ಧವಿದೆ. ಅಲ್ಲಿಗೆ ಹೋಗದಂತೆ ನೋಡಿಕೊಳ್ಳುವ ಖರ್ಚಿಗೆ ಮಾತ್ರ ಯಾವ ಲೆಕ್ಕಶೀರ್ಷಿಕೆಯೂ ಸಿಗುತ್ತಿಲ್ಲ.

ಪ್ರಶ್ನೆ: ಜನ ಸೂಜಿಗೆ ಹೆದರುತ್ತಾರೆ.

ಸೂಜಿ: ಹೆದರಿಕೆಯೇ? ಮೃಗಶಿರಾ ಬಂದರೆ ಹೈದರಾಬಾದಿನ ನಾಂಪಲ್ಲಿ ಮೈದಾನಕ್ಕೆ ಉಬ್ಬಸದವರು ಸಾವಿರಗಟ್ಟಲೆ ಸೇರುತ್ತಾರೆ. ಬಾಯೊಳಗೆ ಔಷಧ ತುರುಕಿದ ಜೀವಂತ ಮೀನಿನ ಮರಿ ಇಟ್ಟರೆ ಗುಳಕ್ಕನೆ ನುಂಗುತ್ತಾರೆ. ಶಾಕಾಹಾರಿಗಳಿಗೆ ಬೆಲ್ಲದ ವ್ಯವಸ್ಥೆಯೂ ಇದೆ. ಆ ಮೀನಿನಿಂದ ಗುಣವಾಗುತ್ತದೆ ಎನ್ನಲು ವೈಜ್ಞಾನಿಕ ಪುರಾವೆ ಇಲ್ಲ. ಆದರೆ ಆ ಜನರ ಶ್ರದ್ಧೆ, ಶಿಸ್ತು, ರಾತ್ರಿಯಿಡೀ ಸಾಲಿನಲ್ಲಿ ನಿಲ್ಲುವ ತಾಳ್ಮೆ ನೋಡಿದರೆ ನನಗೆ ಹೊಟ್ಟೆಕಿಚ್ಚು. ಅದೇ ಮಂದಿ ನನ್ನನ್ನು ಕಂಡರೆ, 'ಕೋಳಿಮೊಟ್ಟೆಯಲ್ಲಿ ಬೆಳೆಸಿದ್ದಂತೆ, ನಮಗಾಗದು' ಎಂದು ಮುಖ ತಿರುಗಿಸುತ್ತಾರೆ.

ಪ್ರಶ್ನೆ: ಕೊನೆಯದಾಗಿ ಓದುಗರಿಗೇನಾದರೂ?

ಸೂಜಿ: ಮೃಗಶಿರಾ ಮಳೆ ಕೂಡುವುದು ಜೂನ್ ಮೊದಲ ವಾರ ದಾಟುವ ಹೊತ್ತಿಗೆ. ಅಲ್ಲಿಂದ ಎರಡು ವಾರ ಹಿಂದಕ್ಕೆ ಎಣಿಸಿದರೆ ಕೃತ್ತಿಕಾ ಮುಗಿದಿರುತ್ತದಷ್ಟೆ. ಮನೆಯಲ್ಲಿ ದಮ್ಮಿನವರಿದ್ದರೆ ಕೃತ್ತಿಕಾ ಮಳೆಯೊಳಗೇ ಅವರನ್ನು ಡಾಕ್ಟರ ಬಳಿ ಕರೆದುಕೊಂಡು ಹೋಗಿ. ಪಂಪಿನ ಚೀಟಿ ಬರೆಯುವಾಗಲೇ, 'ಡಾಕ್ಟ್ರೇ, ಫ್ಲೂ ಸೂಜಿ?' ಎಂದು ನೀವೇ ಕೇಳಿ. ನ್ಯುಮೋಕಾಕಲ್ ಲಸಿಕೆಯ ಬಗ್ಗೆಯೂ ಅಲ್ಲೇ ವಿಚಾರಿಸಿ. ಈಗ ದಯವಿಟ್ಟು ಬಾಗಿಲು ಹಾಕಿ.